ಅಪ್‌ಡೇಟ್: ಹತ್ತನೇ ತರಗತಿಗೆ ಜಿಯೋಜೀಬ್ರಾದಲ್ಲಿ ಪರವಲಯದ ಪಾಠ

ಹತ್ತನೇ ತರಗತಿಗೆ ವರ್ಗ ಬಹುಪದೋಕ್ತಿಯ (ax² + bx + c) ನಕ್ಷೆಯನ್ನು, ಅಂದರೆ ಪರವಲಯವೆಂಬ ಬಟ್ಟಲಿನಾಕಾರದ ವಕ್ರರೇಖೆಯನ್ನು ಕಲಿಸಲು, ನಕ್ಷೆ ಬರೆಯುವ ತಂತ್ರಾಂಶಗಳಾದ ಡೆಸ್ಮಾಸ್ ಸೂಕ್ತವೋ ಜಿಯೋಜೀಬ್ರಾ ಸೂಕ್ತವೋ ಎಂದು ಈ ಹಿಂದೆ ಇಲ್ಲಿ ಕೇಳಿದ್ದೆ. ಸಲಹೆ ನೀಡಿದ ಎಲ್ಲರಿಗೂ ಧನ್ಯವಾದಗಳು. ನಮ್ಮ ಶಾಲೆಯಲ್ಲಿ ಇಂಟರ್ನೆಟ್ ಆಗಾಗ ಕೈಕೊಡುವುದರಿಂದ, ಒಮ್ಮೆ ಇನ್‌ಸ್ಟಾಲ್ ಮಾಡಿಕೊಂಡರೆ ಆಫ್‌ಲೈನ್‌ನಲ್ಲೂ ನಡೆಯುವ ಜಿಯೋಜೀಬ್ರಾವನ್ನೇ ಆರಿಸಿಕೊಂಡೆ.

a, b, c ಎಂಬ ಮೂರು ಸಹಗುಣಕಗಳಿಗೂ ಒಂದೊಂದು ಸ್ಲೈಡರ್ (ಎಳೆದು ಬೆಲೆ ಬದಲಿಸುವ ಪಟ್ಟಿ) ಇಟ್ಟು, ಪ್ರತಿಯೊಂದನ್ನೂ ಸರಿಸುವ ಮೊದಲು ನಕ್ಷೆ ಏನಾಗಬಹುದೆಂದು ಮಕ್ಕಳಿಂದ ಬರೆಸಿದೆ. ಸ್ಥಿರಪದವನ್ನು (c) ಹೆಚ್ಚಿಸಿದರೆ ಪರವಲಯ ಮೇಲೇರುತ್ತದೆಂದು ಬಹುತೇಕರು ಸರಿಯಾಗಿಯೇ ಊಹಿಸಿದ್ದರು. ಆದರೆ ಎಕ್ಸ್‌ನ ಸಹಗುಣಕವನ್ನು (b) ಬದಲಿಸಿದಾಗ ನಕ್ಷೆ ಬರೀ ಪಕ್ಕಕ್ಕೆ ಜರುಗುತ್ತದೆಂಬ ಅವರ ಊಹೆ ತೆರೆಯ ಮೇಲೆ ಸುಳ್ಳಾಯಿತು. ಶೃಂಗಬಿಂದುವಿಗೆ (ಪರವಲಯ ತಿರುಗುವ ತುದಿ) ಟ್ರೇಸ್ ಹಾಕಿ, ಅಂದರೆ ಅದು ಸಾಗಿದ ಗುರುತು ಉಳಿಯುವಂತೆ ಮಾಡಿ, ಆ ಸ್ಲೈಡರ್ ಎಳೆದಾಗ, ಅದು ಸಾಗಿದ ಹಾದಿಯೇ ತಲೆಕೆಳಗಾದ ಇನ್ನೊಂದು ಪರವಲಯವಾಗಿ ಮೂಡಿದ್ದನ್ನು ಕಂಡು ಹಿಂದಿನ ಬೆಂಚಿನವರೂ ಎದ್ದು ನಿಂತರು. ಹೀಗೇಕೆ ಎಂಬ ಪ್ರಶ್ನೆ ಅವರಿಂದಲೇ ಬಂದಿತು, ವರ್ಗಪೂರ್ಣ ವಿಧಾನದಿಂದ (ಬಹುಪದೋಕ್ತಿಯನ್ನು ಪೂರ್ಣ ವರ್ಗದ ರೂಪಕ್ಕೆ ತಂದು) ಕಾರಣವನ್ನು ಬೋರ್ಡಿನ ಮೇಲೆ ಸಾಧಿಸಿದೆವು. ನನ್ನ ಮಟ್ಟಿಗೆ ಇಡೀ ಪಾಠದ ಸಾರ್ಥಕ ಗಳಿಗೆ ಅದೇ.

ತಂತ್ರಾಂಶವಿದ್ದರೆ ಕೈಯಲ್ಲಿ ನಕ್ಷೆ ಎಳೆಯುವ ಅಭ್ಯಾಸ ತಪ್ಪೀತು ಎಂಬ ನಿಮ್ಮಲ್ಲಿ ಕೆಲವರ ಎಚ್ಚರಿಕೆ ನ್ಯಾಯವಾದದ್ದು. ಎಸ್‌ಎಸ್‌ಎಲ್‌ಸಿ ಪರೀಕ್ಷೆಯಲ್ಲಿ ನಕ್ಷೆಯನ್ನು ಗ್ರಾಫ್ ಹಾಳೆಯ ಮೇಲೆಯೇ ಬರೆಯಬೇಕಾದ್ದರಿಂದ, ಈಗ ಮಕ್ಕಳು ಮೊದಲು ಕೋಷ್ಟಕ ಹಾಕಿ ಹಾಳೆಯಲ್ಲಿ ನಕ್ಷೆ ಎಳೆಯುತ್ತಾರೆ, ಬಳಿಕವಷ್ಟೇ ತೆರೆಯ ಮೇಲಿನದರೊಂದಿಗೆ ಹೋಲಿಸಿ ನೋಡುತ್ತಾರೆ.