ಪಾರ್ಸಲ್ ಪುಡಿ, ಸತ್ತ ಕುರಿ: ಡಾಕ್ಟರಿಗೆ ಕೇಳಿ

(ದಾವಣಗೆರೆ-ಚಿತ್ರದುರ್ಗ ಆರೋಗ್ಯ ಗುಂಪು. ಹೆಸರು ತೆಗೆದು ಊರು ಮಾತ್ರ ಉಳಿಸಿದ್ದೇವೆ.)

ನಿಟ್ಟುವಳ್ಳಿ: ಡಾಕ್ಟರೇ, ಉಗ್ರರು ಪಾರ್ಸಲ್‌ನಲ್ಲಿ ಆಂಥ್ರಾಕ್ಸ್ ಪುಡಿ ಕಳಿಸುತ್ತಿದ್ದಾರೆ ಅಂತ ಮೆಸೇಜ್ ಬಂದಿದೆ. ಕರ್ಪೂರ, ಬೆಳ್ಳುಳ್ಳಿ ಕಟ್ಟಿ ಮಗುವಿನ ಕೊರಳಿಗೆ ಹಾಕಿ ಅಂತಲೂ ಇದೆ. ನಿಜಾನಾ?

ಡಾಕ್ಟರ್: ಆಂಥ್ರಾಕ್ಸ್ ಅಂದರೆ ದನ-ಕುರಿಗೆ ಬಂದು ಜನಕ್ಕೂ ಅಂಟುವ ರೋಗ. ಅದರ ರೋಗಾಣು ಪುಡಿಯನ್ನು 2001ರಲ್ಲಿ ಅಮೆರಿಕದಲ್ಲಿ ಅಂಚೆ ಕವರ್‌ನಲ್ಲಿ ಕಳಿಸಿದ್ದು ನಿಜ. 22 ಜನಕ್ಕೆ ಕಾಯಿಲೆ ಬಂತು, 5 ಜನ ಸತ್ತರು. ಆ ಹಳೇ ಸುದ್ದಿಗೆ ಯಾರೋ ಬಾಲ ಕಟ್ಟಿದ್ದಾರೆ. ಕವರ್‌ನಿಂದ ಗುರುತಿಲ್ಲದ ಪುಡಿ ಬಿದ್ದರೆ ಮೂಸಬೇಡಿ, ಕೊಡವಬೇಡಿ. ಅಲ್ಲೇ ಬಿಟ್ಟು ಸೋಪಿನಲ್ಲಿ ಕೈ ತೊಳೆದು 112ಕ್ಕೆ ಫೋನ್ ಮಾಡಿ. ಕರ್ಪೂರವನ್ನು ಮೊದಲು ಮಗುವಿನ ಕೊರಳಿಂದ ತೆಗೆಯಿರಿ. ಬಾಯಿಗೆ ಹಾಕಿಕೊಂಡರೆ ಫಿಟ್ಸ್ ಬರುತ್ತೆ.

ಹರಿಹರ: ಸರ್, ಯಾವ ಮಾಸ್ಕ್ ತಗೊಳ್ಳಲಿ?

ವಿದ್ಯಾನಗರ: ಪಾರ್ಸಲ್ ಪುಡಿ ವಿಷಯ ನಿಜಾನಾ ಸರ್?

ಡಾಕ್ಟರ್: ಮೇಲೆ ಓದಿ.

ಚಳ್ಳಕೆರೆ: ಸರ್, ಆಂಥ್ರಾಕ್ಸ್ ಅಂದರೆ ನೆರಡಿ ರೋಗವಂತೆ, ಹೌದಾ? ಬೆಳಗ್ಗೆ ನಮ್ಮ ಹಟ್ಟಿಯಲ್ಲಿ ಒಂದು ಕುರಿ ಸತ್ತಿದೆ. ರಾತ್ರಿ ಚೆನ್ನಾಗೇ ಮೇದಿತ್ತು. ಮೂಗಲ್ಲಿ ರಕ್ತ. ಸುಲಿದು ಪಾಲು ಹಾಕೋಣ ಅಂತಿದ್ದಾರೆ. ಚೆನ್ನಾಗಿ ಬೇಯಿಸಿದರೆ ಆಗಲ್ವಾ?

ಡಾಕ್ಟರ್: ಆಗಲ್ಲ. ಮೊದಲು ಚಾಕು ಕೆಳಗಿಡಿಸಿ. ಹೌದು, ನೆರಡಿಯೇ ಆಂಥ್ರಾಕ್ಸ್. ನಿಮ್ಮ ಕುರಿಗೆ ಅದೇ ಬಂದಿತ್ತಾ ಅಂತ ಇಲ್ಲಿ ಕೂತು ಹೇಳಲಾರೆ. ಆದರೆ ರಕ್ತ ಕಪ್ಪಗಿದ್ದು ಹೆಪ್ಪುಗಟ್ಟದಿದ್ದರೆ, ಹೊಟ್ಟೆ ಬೇಗ ಉಬ್ಬಿ ಕಾಲು ಸೆಟೆಯದಿದ್ದರೆ ಅನುಮಾನ ಜಾಸ್ತಿ. ಕುಯ್ಯದೆ ಬಿಟ್ಟರೆ ಒಳಗಿನ ರೋಗಾಣು ಕೊಳೆಯುವಾಗ ಬಹುಪಾಲು ಸಾಯುತ್ತೆ. ಕುಯ್ದಿರೋ, ಗಾಳಿ ತಾಗಿ ಗಟ್ಟಿ ಬೀಜದಂತಾಗಿ ಮಣ್ಣು ಸೇರುತ್ತೆ. ಅಲ್ಲಿ ಹತ್ತಾರು ವರ್ಷ ಇರುತ್ತೆ. ಆಮೇಲೆ ಅಲ್ಲಿ ಮೇಯುವುದು ನಿಮ್ಮದೇ ಕುರಿ ಅಲ್ವಾ? ಬೇಯಿಸುವುದು ಆಮೇಲಿನ ಮಾತು, ಸುಲಿಯುವವನ ಕೈಗೇ ಮೊದಲು ಅಂಟುತ್ತೆ. ನಾಯಿಗಳನ್ನು ಕಟ್ಟಿಹಾಕಿ. ಪಶು ಆಸ್ಪತ್ರೆಗೆ ಹೇಳಿ. ಕಿವಿಯಿಂದ ಒಂದು ಹನಿ ರಕ್ತ ತೆಗೆದು ನೋಡುತ್ತಾರೆ. ಹೂಳುವುದೂ ಸುಡುವುದೂ ಅವರು ಹೇಳಿದಂತೆ. ಉಳಿದ ಕುರಿಗಳಿಗೆ ಲಸಿಕೆ ಇದೆ.

ಜಗಳೂರು: ಹರಳು ಬೀಜದಿಂದಲೂ ವಿಷ ಮಾಡ್ತಾರಂತೆ. ಮನೆಯಲ್ಲಿ ಹರಳೆಣ್ಣೆ ಇಡಬೇಡಿ!!

ಹಿರಿಯೂರು: ಹಾಗಾದರೆ ಹೊಲದ ಬದುವಿಗೆ ಹರಳು ಹಾಕಿದ ನಾವೆಲ್ಲ ಉಗ್ರರಾ?

ಜಗಳೂರು: ನಾನು ಹಾಗಂದೆನಾ? ಬಂತು, ಹಾಕಿದೆ.

ಹಿರಿಯೂರು: ಬಂದದ್ದೆಲ್ಲ ಹಾಕೋಕೆ ಇದೇನು ತಿಪ್ಪೆಯಾ?

ಜಗಳೂರು: ನಾಲಿಗೆ ಬಿಗಿ ಇರಲಿ.

ಡಾಕ್ಟರ್: ವಿಷ ಬೀಜದಲ್ಲಿದೆ, ಎಣ್ಣೆಗೆ ಇಳಿಯಲ್ಲ, ಹಿಂಡಿಯಲ್ಲೇ ಉಳಿಯುತ್ತೆ. ಜಗಳ ಹೊರಗಿಟ್ಟುಕೊಳ್ಳಿ. ಚಳ್ಳಕೆರೆಯವರು ಎಲ್ಲಿ?

ವಿದ್ಯಾನಗರ: ಸರ್, ಬರೀ ಬೆಳ್ಳುಳ್ಳಿ ಕಟ್ಟಿದರೆ?

ಡಾಕ್ಟರ್: ಸಾರಿಗೆ ಹಾಕಿ.

ಚಳ್ಳಕೆರೆ: ಪಶು ಡಾಕ್ಟರು ಹೊರಟಿದ್ದಾರೆ ಸರ್. ಕುರಿ ಹಾಗೇ ಇದೆ. ಹೋದ ವಾರವೂ ಒಂದು ಸತ್ತಿತ್ತು, ತಮ್ಮ ಸುಲಿದಿದ್ದ. ಅವನ ಹೆಬ್ಬೆರಳಲ್ಲಿ ಗುಳ್ಳೆ ಎದ್ದು ನಡುವೆ ಕಪ್ಪು ಹಕ್ಕಳೆ ಕಟ್ಟಿದೆ. ನೋವಿಲ್ಲ ಅಂತ ಸುಮ್ನಿದ್ದಾನೆ.

ಡಾಕ್ಟರ್: ನೋವಿಲ್ಲ ಅನ್ನೋದಕ್ಕೇ ನನಗೆ ಭಯ. ಚುಚ್ಚಬೇಡಿ, ಹಿಂಡಬೇಡಿ. ಬಟ್ಟೆ ಸುತ್ತಿ ಈಗಲೇ ಚಿತ್ರದುರ್ಗದ ಜಿಲ್ಲಾಸ್ಪತ್ರೆಗೆ ಕರೆದುಕೊಂಡು ಹೋಗಿ. ಸತ್ತ ಕುರಿ ಸುಲಿದಿದ್ದ ಅಂತ ಮೊದಲೇ ಹೇಳಿ. ಬೇಗ ಆಂಟಿಬಯೋಟಿಕ್ ಕೊಟ್ಟರೆ ವಾಸಿಯಾಗುತ್ತೆ. ಆ ಮಾಂಸ ಯಾರ್ಯಾರು ತಿಂದಿರಿ?

ಹರಿಹರ: ಸರ್, ಮಾಸ್ಕ್?