ಸಹಾಯ ಬೇಕು: ನೋವಿನ ಮಾತ್ರೆ ನುಂಗಿದ ನಾಯಿಗೆ ರಾತ್ರಿ ಡ್ರಿಪ್ ಹಾಕುವವರು ಯಾರಾದರೂ ಇದ್ದಾರಾ?

ಕೊಡಗಿನ ನಾಪೋಕ್ಲು ಹತ್ತಿರದ ತೋಟದ ಮನೆಯಿಂದ ಬರೆಯುತ್ತಿದ್ದೇನೆ. ಇವತ್ತು ಬೆಳಿಗ್ಗೆ ನಮ್ಮ ನಾಯಿ ಕರಿಯ, ಅಮ್ಮನ ಮಂಡಿನೋವಿನ ಐಬುಪ್ರೊಫೆನ್ ಮಾತ್ರೆ ತಿಂದುಬಿಟ್ಟಿದ್ದಾನೆ. 400 ಮಿಲಿಗ್ರಾಂನ ಆರು ಮಾತ್ರೆ. ಹಲ್ಲಿನ ತೂತು ಬಿದ್ದ ಖಾಲಿ ಸ್ಟ್ರಿಪ್ ಮಂಚದ ಕೆಳಗೆ ಸಿಕ್ಕಿತು. ಅವನ ತೂಕ 14 ಕೆಜಿ ಅಷ್ಟೇ. ಅಂದರೆ ಕೆಜಿಗೆ ಸುಮಾರು 170 ಮಿಲಿಗ್ರಾಂ. ಇಷ್ಟಾದರೆ ಹೊಟ್ಟೆಯಲ್ಲಿ ಹುಣ್ಣು ಮಾತ್ರ ಅಲ್ಲ, ಕಿಡ್ನಿಗೂ ಅಪಾಯ.

ನಮಗೆ ಗೊತ್ತಾಗುವಾಗ ಐದಾರು ಗಂಟೆ ಕಳೆದಿತ್ತು. ವಾಂತಿ ಮಾಡಿಸುವ ಹೊತ್ತು ಮೀರಿತ್ತು. ಡಾಕ್ಟರ್ ವಿಷ ಹೀರುವ ಔಷಧಿಯ ಇದ್ದಿಲು ಕುಡಿಸಿ, ಹೊಟ್ಟೆಹುಣ್ಣಿನ ಔಷಧಿಗಳಾದ ಒಮೆಪ್ರಜೋಲ್, ಸುಕ್ರಾಲ್ಫೇಟ್ ಶುರು ಮಾಡಿ, ಒಂದು ಬಾಟಲ್ ಡ್ರಿಪ್ ಹಾಕಿದರು. ಆದರೆ ಎರಡು ದಿನ ಬಿಡದೆ ಹಾಕಬೇಕಂತೆ, ಅಲ್ಲಿ ರಾತ್ರಿ ಇಟ್ಟುಕೊಳ್ಳುವುದಿಲ್ಲ. ಈಗ ವಾಂತಿ ಕಾಫಿ ಗಸಿಯ ಹಾಗೆ ಬರುತ್ತಿದೆ. ಇದ್ದಿಲಿನ ಬಣ್ಣವಾ, ರಕ್ತವಾ ಅಂತ ನೋಡಿ ಹೇಳುವವರೂ ಬೇಕು. ಬಾಲ ಆಡಿಸುತ್ತಾನೆ, ಏಳುವುದಿಲ್ಲ.

ಮಡಿಕೇರಿ, ವಿರಾಜಪೇಟೆ, ಕುಶಾಲನಗರ, ಇಲ್ಲ ಮೈಸೂರಾದರೂ ಸರಿ. ರಾತ್ರಿ ಡ್ರಿಪ್ ಹಾಕಿ, ಕಿಡ್ನಿ ಹೇಗಿದೆ ಅಂತ ತಿಳಿಯಲು ಕ್ರಿಯಾಟಿನಿನ್ ರಕ್ತಪರೀಕ್ಷೆ ಮಾಡುವ ವೆಟರ್ನರಿ ಡಾಕ್ಟರ್ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ನಮ್ಮ ಜೀಪ್ ಕೆಟ್ಟಿದೆ, ಮಳೆಯೂ ಜೋರು. ಆ ಕಡೆ ಹೋಗುವವರು ಇದ್ದರೆ ಪೆಟ್ರೋಲ್ ಖರ್ಚು ನಾನೇ ಕೊಡುತ್ತೇನೆ. ಉಪ್ಪುನೀರು ಕುಡಿಸಿ, ಪ್ಯಾರಾಸಿಟಮಾಲ್ ಕೊಡಿ ಅಂತ ಮಾತ್ರ ಹೇಳಬೇಡಿ, ಎರಡೂ ಅವನಿಗೆ ವಿಷವೇ. ರಾತ್ರಿಯಿಡೀ ಎದ್ದಿರುತ್ತೇನೆ, ಎಷ್ಟು ಹೊತ್ತಿಗಾದರೂ ಮೆಸೇಜ್ ಮಾಡಿ.