ಸಹಾಯ ಬೇಕು: ಸ್ಕಾಟ್ಲೆಂಡಲ್ಲಿ ಪಿ1 (ಪ್ರೈಮರಿ 1, ಅಂದ್ರೆ ಸ್ಕೂಲಿನ ಮೊದಲ್ನೇ ವರ್ಷ) ಒಂದು ವರ್ಷ ಮುಂದಕ್ಕೆ ಹಾಕ್ಸಿದೋರು ಯಾರಾದ್ರೂ ಇದೀರಾ?

ಎಲ್ರಿಗೂ ನಮಸ್ಕಾರ. ನಾವಿರೋದು ಗ್ಲಾಸ್ಗೋದಲ್ಲಿ, ಮಗ ನವೆಂಬರಲ್ಲಿ ಹುಟ್ಟಿದ್ದು, ಬರೋ ಆಗಸ್ಟಲ್ಲಿ ಸ್ಕೂಲ್ ಶುರುವಾಗೋ ದಿನ ಅವನಿಗಿನ್ನೂ ಐದು ತುಂಬಿರಲ್ಲ. ಮನೇಲಿ ಕನ್ನಡದಲ್ಲಿ ಪಟಪಟ ಅಂತ ಮಾತಾಡ್ತಾನೆ, ನರ್ಸರಿಲಿ ಮಾತ್ರ ಜಾಕೆಟ್ ಜಿಪ್ ಹಾಕ್ಕೊಡಿ ಅಂತ ಕೇಳೋಕೂ ಆಗ್ದೆ ಟೀಚರ್ ಮುಂದೆ ಸುಮ್ನೆ ನಿಂತಿರ್ತಾನಂತೆ, ಕೇಳಿ ಹೊಟ್ಟೆ ಚುರ್ ಅಂತು, ಅದಕ್ಕೇ ಇನ್ನೊಂದ್ ವರ್ಷ ನರ್ಸರಿಲೇ ಇರ್ಲಿ ಅಂತ ನಾನು, ನಮ್ಮನೆಯವ್ರು ಇಬ್ರೂ ಗಟ್ಟಿ ಮಾಡ್ಕೊಂಡಿದೀವಿ. ಮುಂಚೆ ಜನವರಿ, ಫೆಬ್ರವರಿ ಮಕ್ಕಳಿಗೆ ಮಾತ್ರ ಈ ಹೆಚ್ಚಿನ ವರ್ಷದ ಫಂಡಿಂಗ್ ಖಾತ್ರಿ ಇತ್ತು, 2023ರ ಆಗಸ್ಟಿಂದ ಸ್ಕೂಲ್ ಶುರುವಾಗೋ ಹೊತ್ತಿಗೆ ಐದು ತುಂಬದ ಎಲ್ಲಾ ಮಕ್ಕಳಿಗೂ ವರ್ಷಕ್ಕೆ 1140 ಗಂಟೆ ಫ್ರೀ ನರ್ಸರಿ ಸಿಗುತ್ತೆ, ಅಷ್ಟು ಗೊತ್ತು. ಆದ್ರೆ ಈಗ ಹೋಗ್ತಿರೋ ಪ್ರೈವೇಟ್ ನರ್ಸರಿಯವ್ರು ನಮ್ಮಲ್ಲೇ ಸೀಟ್ ಉಳಿಯುತ್ತೆ ಅಂತ ಹೇಳಕ್ಕಾಗಲ್ಲ ಅಂತಿದಾರೆ. ಹೊಸ ಜಾಗ ಅಂದ್ರೆ ಅವನು ಮತ್ತೆ ಮೊದಲಿಂದ ಹೊಂದ್ಕೋಬೇಕು, ನನಗೆ ಅದೇ ದೊಡ್ಡ ಚಿಂತೆ.

ಹೀಗೆ ಡೆಫರ್ ಮಾಡ್ಸಿದೋರು (ಪಿ1 ಮುಂದಕ್ಕೆ ಹಾಕ್ಸಿದೋರು) ಮೊದ್ಲು ಸ್ಕೂಲಿಗೆ ರಿಜಿಸ್ಟರ್ ಮಾಡ್ಸಿ ಆಮೇಲೆ ಹೇಳಿದ್ರಾ ಇಲ್ಲ ನೇರ ಕೌನ್ಸಿಲ್‌ಗೆ ಅರ್ಜಿ ಹಾಕಿದ್ರಾ? ಅದೇ ನರ್ಸರಿ ಸಿಕ್ತಾ? ಸಿಗದಿದ್ರೆ ಯಾರನ್ನ ಕೇಳಿದ್ರಿ? ಗೊತ್ತಿರೋರು ದಯವಿಟ್ಟು ಹೇಳಿ, ಇನ್‌ಬಾಕ್ಸ್ ಮಾಡಿದ್ರೂ ಆಗುತ್ತೆ.